ಶಾಕ್ ಹೊಡೆಯದ ವೈರ್‌ಗೂ ನಾನು ಫೇಲ್ ಚೀಟಿ ಅಂಟಿಸುತ್ತೇನೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನನ್ನ ಕೆಲಸ. ಅಡಾಪ್ಟರ್, ಕೆಟಲ್, ಟೇಬಲ್ ಲ್ಯಾಂಪ್, ಎಕ್ಸ್‌ಟೆನ್ಷನ್ ಬೋರ್ಡ್ ಹೀಗೆ ಪ್ಲಗ್ ಇರುವ ಎಲ್ಲವನ್ನೂ ಸರದಿಯಂತೆ ಪರೀಕ್ಷಿಸಿ ಪಾಸ್ ಅಥವಾ ಫೇಲ್ ಚೀಟಿ ಅಂಟಿಸುತ್ತೇನೆ. ಕೆಟಲ್ ವೈರ್ ಸೀಳಿದ್ದರೆ ಯಾರೂ ವಾದ ಮಾಡುವುದಿಲ್ಲ. ವಾದ ಬರುವುದು ಅಡಾಪ್ಟರಿನಿಂದ ಲ್ಯಾಪ್‌ಟಾಪಿಗೆ ಹೋಗುವ ಸಣ್ಣ ವೈರಿನ ವಿಷಯದಲ್ಲಿ. "ಅಣ್ಣಾ, ಬರೀ 19 ವೋಲ್ಟ್ ಅಲ್ವಾ? ಚಾರ್ಜ್ ಆಗ್ತಾ ಇದೆ, ಬಿಟ್ಬಿಡಿ" ಅನ್ನುತ್ತಾರೆ.

ಒಣ ಕೈಯಲ್ಲಿ 19 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಆ ವೈರಿನಲ್ಲಿ 19 ವೋಲ್ಟೇ ಇರುತ್ತದೆ ಅನ್ನುವ ಭರವಸೆ ಬರುವುದು ಅಡಾಪ್ಟರಿನ ಹೊಟ್ಟೆಯೊಳಗಿಂದ. ಅಲ್ಲಿ 230 ವೋಲ್ಟಿನ ಬದಿಯನ್ನೂ 19 ವೋಲ್ಟಿನ ಬದಿಯನ್ನೂ ಬೇರೆ ಇಡುವುದು ಚಿಕ್ಕ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಮತ್ತು ಬೋರ್ಡಿನ ಮೇಲೆ ಬಿಟ್ಟ ಖಾಲಿ ಜಾಗ. ಅಗ್ಗದ ನಕಲಿ ಮಾಲಿನಲ್ಲಿ ಉಳಿತಾಯ ಮಾಡುವುದು ಅಲ್ಲೇ. ಆ ತಡೆ ಸೋತರೆ, ಸಿಪ್ಪೆ ಹೋದ ಸಣ್ಣ ವೈರಿನ ತಾಮ್ರದಲ್ಲಿ ಮೇನ್ಸ್ ಕರೆಂಟ್ ಬಂದು ಕೂರುತ್ತದೆ. ಹಾಗಾಗಿ ಮೊದಲು ಲೇಬಲ್ ನೋಡುತ್ತೇನೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇಲ್ಲದಿದ್ದರೆ ಮುಂದೆ ಪರೀಕ್ಷೆಯೇ ಬೇಡ.

ಆಮೇಲೆ ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಶನ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್. ಅಡಾಪ್ಟರನ್ನು ಗೋಡೆಯ ಸಾಕೆಟ್‌ನಿಂದಲೂ ಲ್ಯಾಪ್‌ಟಾಪಿನಿಂದಲೂ ಬಿಡಿಸಿಕೊಳ್ಳುತ್ತೇನೆ. ಪ್ಲಗ್ಗಿನ ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಒಂದು ಕ್ಲಿಪ್. ಔಟ್‌ಪುಟ್‌ನ ಪ್ಲಸ್, ಮೈನಸ್ ಎರಡನ್ನೂ ಸೇರಿಸಿ ಇನ್ನೊಂದು ಕ್ಲಿಪ್. ಮೂರು ಪಿನ್ನಿನ ಅಡಾಪ್ಟರ್ ಆದರೆ ಅರ್ಥ್ ಪಿನ್ನನ್ನೂ ಔಟ್‌ಪುಟ್ ಕಡೆಗೇ ಸೇರಿಸುತ್ತೇನೆ. ಈಗ 500 ವೋಲ್ಟ್ ಡಿಸಿ. ನಾನು ಇಟ್ಟುಕೊಂಡಿರುವ ಗೆರೆ 2 ಮೆಗಾಓಮ್, ಅದಕ್ಕಿಂತ ಕಡಿಮೆ ಬಂದರೆ ಫೇಲ್. ಒಳ್ಳೆಯ ಅಡಾಪ್ಟರ್ ಅದಕ್ಕಿಂತ ಎಷ್ಟೋ ಜಾಸ್ತಿ ತೋರಿಸುತ್ತದೆ. ಒಂದು ಎಚ್ಚರಿಕೆ: ಪ್ಲಸ್ ಮತ್ತು ಮೈನಸ್ ನಡುವೆ ಯಾವತ್ತೂ ಮೆಗ್ಗರ್ ಹಾಕಬೇಡಿ. ಒಳಗಿನ ಔಟ್‌ಪುಟ್ ಕೆಪಾಸಿಟರ್ 500 ವೋಲ್ಟನ್ನು ತಡೆಯಲಾರದು.

ಇಷ್ಟಾದರೂ ವೈರ್ ಪಾಸ್ ಆಗಿಲ್ಲ. ಅಪಾಯದ ಇನ್ನೊಂದು ಮುಖ ಬಿಸಿ, ಅದು ಮೆಗ್ಗರಿಗೆ ಕಾಣುವುದಿಲ್ಲ. ಲ್ಯಾಪ್‌ಟಾಪ್ ಅಡಾಪ್ಟರಿನ ವೈರ್ ಸಾಮಾನ್ಯವಾಗಿ ಒಂದರೊಳಗೆ ಒಂದು ಇರುತ್ತದೆ. ನಡುವೆ ಪ್ಲಸ್, ಅದರ ಮೇಲೆ ಇನ್ಸುಲೇಶನ್, ಅದರ ಸುತ್ತ ಮೈನಸ್‌ನ ಸಣ್ಣ ಎಳೆಗಳು. ಪಿನ್ನಿನ ಬುಡದಲ್ಲಿ ಬಗ್ಗಿ ಬಗ್ಗಿ ಹೊರಗಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಉಳಿದ ಕೆಲವೇ ಎಳೆಗಳಲ್ಲಿ ಪೂರ್ತಿ ಕರೆಂಟ್ ಹರಿಯಬೇಕು. 65 ವ್ಯಾಟಿನ ಅಡಾಪ್ಟರಿನಲ್ಲಿ ಅದು 3.42 ಆಂಪಿಯರ್. ಆ ಜಾಗದಲ್ಲಿ ಅರ್ಧ ಓಮ್ ಅಡ್ಡಿ ಇದ್ದರೂ ಸುಮಾರು 6 ವ್ಯಾಟ್ ಬಿಸಿ ಅಷ್ಟು ಚಿಕ್ಕ ಜಾಗದಲ್ಲಿ ಹುಟ್ಟುತ್ತದೆ. ಪಿವಿಸಿ ಮೆತ್ತಗಾಗಲು ಅಷ್ಟು ಸಾಕು. ತುಂಡಾದ ಎಳೆ ಒಳಗಿನ ಇನ್ಸುಲೇಶನ್ ಚುಚ್ಚಿದರೆ ಅರೆಬರೆ ಶಾರ್ಟ್. ಪೂರ್ತಿ ಶಾರ್ಟ್ ಆದರೆ ಅಡಾಪ್ಟರ್ ತಾನೇ ಕೈ ಬಿಡುತ್ತದೆ. ಅರೆಬರೆ ಶಾರ್ಟನ್ನು ಅದು ಲ್ಯಾಪ್‌ಟಾಪಿನ ಲೋಡ್ ಅಂತಲೇ ತಿಳಿದು ಕರೆಂಟ್ ಕೊಡುತ್ತಾ ಹೋಗುತ್ತದೆ.

"ಎಂಸಿಬಿ ಇದೆಯಲ್ಲ, ಟ್ರಿಪ್ ಆಗಲ್ವಾ?" ಅಂತ, ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ ತೋರಿಸಿ ಕೇಳುತ್ತಾರೆ. ಆಗುವುದಿಲ್ಲ. 65 ವ್ಯಾಟಿನ ಅಡಾಪ್ಟರ್ 230 ವೋಲ್ಟಿನಿಂದ ಎಳೆಯುವ ಕರೆಂಟ್ ಅರ್ಧ ಆಂಪಿಯರ್‌ಗಿಂತ ಬಹಳ ಹೆಚ್ಚೇನಲ್ಲ, 10 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಕರೆಂಟ್ ಸೋರಿದರೆ ಆಫ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚೂ ಸುಮ್ನೆ ಇರುತ್ತದೆ, ಯಾಕಂದರೆ ಭೂಮಿಗೆ ಏನೂ ಸೋರುತ್ತಿಲ್ಲ. ನಮ್ಮ ಪ್ಲಗ್ಗಿನಲ್ಲಿ ಫ್ಯೂಸೂ ಇರುವುದಿಲ್ಲ.

ಹಾಗಾಗಿ ಈ ಹಂತದಲ್ಲಿ ನನ್ನ ಸಲಕರಣೆ ಕಣ್ಣು ಮತ್ತು ಬೆರಳು. ಬ್ಯಾಟರಿ ಖಾಲಿಯಾದ ಲ್ಯಾಪ್‌ಟಾಪಿಗೆ ಹಾಕಿ ಅರ್ಧ ಗಂಟೆ ಚಾರ್ಜ್ ಮಾಡುತ್ತೇನೆ. ನಂತರ ವೈರನ್ನು ಉದ್ದಕ್ಕೂ ಸವರುತ್ತೇನೆ. ಎರಡೂ ತುದಿಯ ಬುಡಕ್ಕೆ ಜಾಸ್ತಿ ಗಮನ. ಒಂದೇ ಜಾಗ ಬೆಚ್ಚಗಿದ್ದರೆ, ಬಗ್ಗಿಸಿದಾಗ ಚಾರ್ಜಿಂಗ್ ಲೈಟ್ ಮಿನುಗಿದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ತಾಮ್ರ ಕಂಡರೆ ಫೇಲ್. ಕಪ್ಪು ಟೇಪ್ ಸುತ್ತಿದ್ದರೆ ಬಿಚ್ಚಿ ನೋಡುತ್ತೇನೆ. ಟೇಪ್ ಗಾಯ ಮುಚ್ಚುತ್ತದೆ, ಒಳಗೆ ತುಂಡಾದ ಎಳೆಗಳನ್ನು ಸೇರಿಸುವುದಿಲ್ಲ.

ಬಿಚ್ಚಿ ತೆಗೆಯಬಹುದಾದ ವೈರ್ ಆದರೆ ಹೊಸದು ಹಾಕುತ್ತೇನೆ, ಹಳೆಯದರಷ್ಟೇ ಆಂಪಿಯರ್ ತಡೆಯುವಂಥದ್ದು. 60 ವ್ಯಾಟ್ ಮೀರಿದ ಟೈಪ್-ಸಿ ಚಾರ್ಜರಿಗೆ 5 ಆಂಪಿಯರ್ ಕೇಬಲ್ಲೇ ಬೇಕು. ವೈರ್ ಅಡಾಪ್ಟರಿಗೇ ಅಂಟಿಕೊಂಡಿದ್ದರೆ ಇಡೀ ಅಡಾಪ್ಟರ್ ಹೊರಗೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿ ವೈರ್ ಸಿಗುತ್ತದೆ, ಬೆಸುಗೆ ಹಾಕಲು ನನಗೂ ಬರುತ್ತದೆ. ಆದರೂ ಅಂಟಿಸಿ ಮುಚ್ಚಿದ ಡಬ್ಬಿ ಒಡೆದ ಮೇಲೆ ಮೊದಲಿನ ಭದ್ರತೆ ಹಾಗೇ ಉಳಿದಿದೆ ಅಂತ ನಾನು ಸಹಿ ಹಾಕಲಾರೆ.

ಮನೆಯಿಂದ ಕೆಲಸ ಮಾಡುವವರು ಕರೆಂಟ್ ಹೋದಾಗ ವೈಫೈ ಉಳಿಯಲಿ ಅಂತ ರೂಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇಟ್ಟಿರುತ್ತಾರೆ. ಅದರಿಂದ ರೂಟರಿಗೆ ಹೋಗುವ ವೈರ್ ಸವೆದಿದ್ದರೆ ಇನ್ನೂ ಬೇಗ ಬದಲಿಸಿ ಅನ್ನುತ್ತೇನೆ. ಸ್ವಿಚ್ ಆರಿಸಿದರೂ ಒಳಗಿನ ಬ್ಯಾಟರಿ ಆ ವೈರಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಅದನ್ನು ಬಿಡಿಸುವಾಗ ಮೊದಲು ಯುಪಿಎಸ್‌ನ ಔಟ್‌ಪುಟ್ ಪಿನ್ ಕಿತ್ತು, ಆಮೇಲೆ ಗೋಡೆಯ ಪ್ಲಗ್ ತೆಗೆಯಿರಿ.