ಶಾರ್ಟ್‌ಸ್ಟಾಪ್ ಆಟವನ್ನು ಅಳೆಯುವುದು ಹೇಗೆ: ಡೆರೆಕ್ ಜೀಟರ್ ಎಂಬ ಬಿಡಿಸಲು ಕಷ್ಟವಾದ ಲೆಕ್ಕ

ಬೇಸ್‌ಬಾಲ್ ನೋಡಲು ಹೊಸದಾಗಿ ಕುಳಿತವರ ಕಣ್ಣು ಚೆಂಡು ಎಸೆಯುವ ಪಿಚರ್ ಮತ್ತು ಬ್ಯಾಟರ್ ನಡುವೆಯೇ ಓಡಾಡುತ್ತಿರುತ್ತದೆ. ಸ್ವಲ್ಪ ಪಳಗಿದ ಮೇಲೆ ಗಮನ ಕೊಡಬೇಕಾದದ್ದು ಶಾರ್ಟ್‌ಸ್ಟಾಪ್ ಮೇಲೆ. ಬ್ಯಾಟರ್ ಓಡಿ ಒಂದೊಂದಾಗಿ ಮುಟ್ಟಬೇಕಾದ ಬೇಸ್‌ಗಳ ಪೈಕಿ ಸೆಕೆಂಡ್ ಬೇಸ್ ಮತ್ತು ಥರ್ಡ್ ಬೇಸ್‌ಗಳ ನಡುವೆ, ತನ್ನದೆಂದು ಒಂದು ಬೇಸ್ ಕೂಡ ಇಲ್ಲದೆ ನಿಲ್ಲುವ ಈ ಆಟಗಾರನ ಕಡೆಗೇ ಬಲಗೈ ಬ್ಯಾಟರ್‌ಗಳು ನೆಲಕ್ಕೆ ಹೊಡೆದ ಚೆಂಡುಗಳು ಹೆಚ್ಚಾಗಿ ಬರುತ್ತವೆ. ಈ ಸ್ಥಾನದ ಆಟವನ್ನು ಅಳೆಯಲು ಕಲಿಯುವವರಿಗೆ ನ್ಯೂಯಾರ್ಕ್ ಯಾಂಕೀಸ್ ತಂಡದ ಡೆರೆಕ್ ಜೀಟರ್ ಅವರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ, ಏಕೆಂದರೆ ಅವರ ವಿಷಯದಲ್ಲಿ ಕಣ್ಣು ಹೇಳುವುದು ಒಂದು, ಅಂಕಿಅಂಶ ಹೇಳುವುದು ಇನ್ನೊಂದು. 2020ರಲ್ಲಿ ಬೇಸ್‌ಬಾಲ್‌ನ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ನಡೆದ ಮತದಾನದಲ್ಲಿ 397 ಮತಗಳ ಪೈಕಿ 396 ಅವರಿಗೆ ಬಿದ್ದವು. ಫೀಲ್ಡಿಂಗ್‌ನ ಆಧುನಿಕ ಲೆಕ್ಕಾಚಾರಗಳು ಮಾತ್ರ ಅದೇ ಜೀಟರ್ ತಮ್ಮ ತಂಡಕ್ಕೆ ನೂರಕ್ಕೂ ಹೆಚ್ಚು ರನ್‌ಗಳ ನಷ್ಟ ಉಂಟುಮಾಡಿದರೆಂದು ತೋರಿಸುತ್ತವೆ. ನನ್ನ ದೃಷ್ಟಿಯಲ್ಲಿ ಎರಡೂ ನಿಜ, ಮತ್ತು ಎರಡನ್ನೂ ಒಟ್ಟಿಗೆ ನೋಡಲು ಸಾಧ್ಯ.

ಮೊದಲು ಕಾಲದ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್. ಸಾಮಾನ್ಯ ವೇಗದ ಬಲಗೈ ಬ್ಯಾಟರ್ ಚೆಂಡನ್ನು ಹೊಡೆದು ಫಸ್ಟ್ ಬೇಸ್ ಮುಟ್ಟಲು ನಾಲ್ಕೂಕಾಲು ಸೆಕೆಂಡಿನಷ್ಟು ತೆಗೆದುಕೊಳ್ಳುತ್ತಾನೆ. ಕ್ರಿಕೆಟ್‌ನಲ್ಲಿ ಬ್ಯಾಟರ್‌ಗೆ ಓಡದೆ ನಿಲ್ಲುವ ಸ್ವಾತಂತ್ರ್ಯವಿದೆ. ಇಲ್ಲಿ ಚೆಂಡು ಮೈದಾನದೊಳಗೆ ಬಿದ್ದರೆ ಓಡಲೇಬೇಕು. ಹೀಗಾಗಿ ಚೆಂಡನ್ನು ತಲುಪುವುದು, ಹಿಡಿಯುವುದು, ಗ್ಲೌಸ್‌ನಿಂದ ಕೈಗೆ ತೆಗೆದುಕೊಳ್ಳುವುದು, ಎಸೆಯುವುದು, ಈ ನಾಲ್ಕೂ ಕೆಲಸಗಳನ್ನು ಶಾರ್ಟ್‌ಸ್ಟಾಪ್ ಆ ನಾಲ್ಕೂಕಾಲು ಸೆಕೆಂಡಿನೊಳಗೆ ಮುಗಿಸಬೇಕು. ಒಂದರಲ್ಲಿ ಕಳೆದ ಅರೆಗಳಿಗೆಯನ್ನು ಮತ್ತೊಂದರಲ್ಲಿ ಗಳಿಸಿಕೊಳ್ಳಲು ಅವಕಾಶ ತೀರಾ ಕಡಿಮೆ.

ಆಟ ನೋಡುವಾಗ ಕೆಲವು ಚೆಂಡುಗಳ ಮಟ್ಟಿಗಾದರೂ ಪಿಚರ್‌ನನ್ನು ಬಿಟ್ಟು ಶಾರ್ಟ್‌ಸ್ಟಾಪ್‌ನ ಪಾದಗಳನ್ನು ನೋಡಿ. ಟಿವಿಯಲ್ಲಿ ಇದು ಕಷ್ಟ, ಕ್ಯಾಮೆರಾ ಅತ್ತ ತಿರುಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಮೈದಾನದಲ್ಲಿ ಕುಳಿತವರಿಗೆ ಅಥವಾ ಎತ್ತರದಿಂದ ಚಿತ್ರಿಸಿದ ರೀಪ್ಲೇ ಸಿಕ್ಕವರಿಗೆ ಸುಲಭ. ಚೆಂಡು ಬ್ಯಾಟಿನ ಹತ್ತಿರ ಬರುವ ಹೊತ್ತಿಗೆ ಒಳ್ಳೆಯ ಶಾರ್ಟ್‌ಸ್ಟಾಪ್ ಮುಂಗಾಲಿನ ಮೇಲೆ ಸಣ್ಣದಾಗಿ ಪುಟಿದು ಸಿದ್ಧನಾಗಿರುತ್ತಾನೆ. ಅವನು ಎಲ್ಲಿ ನಿಂತಿದ್ದಾನೆ ಎಂಬುದೂ ಅಷ್ಟೇ ಮುಖ್ಯ. ಬಾಲ್ಟಿಮೋರ್ ತಂಡದ ಕ್ಯಾಲ್ ರಿಪ್ಕಿನ್ ಜೂನಿಯರ್ 6 ಅಡಿ 4 ಅಂಗುಲ ಎತ್ತರದವರು, ಓಟದಲ್ಲಿ ಚುರುಕಿನವರಲ್ಲ. ಆದರೂ ಪಿಚರ್ ಯಾವ ಚೆಂಡು ಎಸೆಯಲಿದ್ದಾನೆ, ಈ ಬ್ಯಾಟರ್ ಅದನ್ನು ಎತ್ತ ಹೊಡೆಯಬಲ್ಲ ಎಂದು ಮೊದಲೇ ಯೋಚಿಸಿ ನಿಲ್ಲುತ್ತಿದ್ದರಿಂದ ಚೆಂಡು ಅವರನ್ನು ಹುಡುಕಿಕೊಂಡು ಬರುತ್ತಿತ್ತು. 1990ರ ಇಡೀ ಋತುವಿನಲ್ಲಿ ಅವರು ಮಾಡಿದ ಎರರ್‌ಗಳು ಕೇವಲ 3.

ಈ ಎರರ್ ಎಂಬ ಅಂಕಿಯೇ ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವಂಥದ್ದು. ಫೀಲ್ಡರ್ ತಲುಪಿದ ಚೆಂಡನ್ನು ಕೈಚೆಲ್ಲಿದರೆ ಅದು ಎರರ್. ಅವನು ತಲುಪಲಾರದೆ ಪಕ್ಕದಲ್ಲೇ ಹಾದುಹೋದ ಚೆಂಡು ಬ್ಯಾಟರ್‌ನ ಖಾತೆಗೆ ಹಿಟ್ ಆಗಿ, ಅಂದರೆ ಹೊಡೆದು ಬೇಸ್ ತಲುಪಿದ ಯಶಸ್ಸಾಗಿ ಸೇರುತ್ತದೆ, ಫೀಲ್ಡರ್‌ನ ಹೆಸರಿಗೆ ಕಳಂಕವಿಲ್ಲ. ಜೀಟರ್ ಅವರ ಎರರ್ ಲೆಕ್ಕವನ್ನು ಸೇಂಟ್ ಲೂಯಿಸ್ ತಂಡದ ಆಜಿ ಸ್ಮಿತ್ ಅವರದರ ಪಕ್ಕದಲ್ಲಿಟ್ಟು ನೋಡಿ. ಆಯಾ ಸ್ಥಾನದ ಉತ್ತಮ ಫೀಲ್ಡರ್‌ಗೆ ಪ್ರತಿ ವರ್ಷ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಸತತ 13 ಬಾರಿ ಗೆದ್ದ ಸ್ಮಿತ್ ಅವರನ್ನು ಈ ಸ್ಥಾನದ ಸರ್ವಶ್ರೇಷ್ಠ ಫೀಲ್ಡರ್ ಎಂದು ಬಹುತೇಕರು ಒಪ್ಪುತ್ತಾರೆ. ಅವರ ಫೀಲ್ಡಿಂಗ್ ಸರಾಸರಿ, ಅಂದರೆ ತಲುಪಿದ ಚೆಂಡುಗಳಲ್ಲಿ ಎರರ್ ಇಲ್ಲದೆ ಮುಗಿಸಿದವುಗಳ ಪಾಲು, .978, ಜೀಟರ್ ಅವರದು .976. ಸಾವಿರ ಚೆಂಡಿಗೆ ಎರಡು ತಪ್ಪಿನ ವ್ಯತ್ಯಾಸ, ಅಷ್ಟೆ. ಈಗ ಅಸಿಸ್ಟ್ ನೋಡಿ, ಅಂದರೆ ಚೆಂಡು ಹಿಡಿದು ಎಸೆದು ಇನ್ನೊಬ್ಬರ ಮೂಲಕ ಔಟ್ ಮಾಡಿಸಿದ ಲೆಕ್ಕ. ಸ್ಮಿತ್ 2,511 ಪಂದ್ಯಗಳಲ್ಲಿ 8,375; ಜೀಟರ್ 2,674 ಪಂದ್ಯಗಳಲ್ಲಿ ಸುಮಾರು 6,600. ಪಂದ್ಯಕ್ಕೆ 3.3 ಒಂದು ಕಡೆ, 2.5 ಇನ್ನೊಂದು ಕಡೆ. ಜೀಟರ್ ಕಾಲಕ್ಕೆ ಸ್ಟ್ರೈಕ್‌ಔಟ್‌ಗಳು (ಚೆಂಡು ಮೈದಾನಕ್ಕೆ ಹೋಗದೆಯೇ ಪಿಚರ್ ಬ್ಯಾಟರ್‌ನನ್ನು ಔಟ್ ಮಾಡುವುದು) ಹೆಚ್ಚಿದ್ದರಿಂದ ಫೀಲ್ಡರ್‌ಗಳತ್ತ ಬರುವ ಚೆಂಡುಗಳೇ ಕಡಿಮೆಯಾಗಿದ್ದವು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಹಿಡಿದ ಚೆಂಡುಗಳ ಜೊತೆಗೆ ಹಾದುಹೋದ ಚೆಂಡುಗಳನ್ನೂ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಜೀಟರ್ ಅವರ ಹಳೆಯ ಪಂದ್ಯಗಳಲ್ಲಿ ಅವರ ಎಡಬದಿಗೆ, ಸೆಕೆಂಡ್ ಬೇಸ್‌ನತ್ತ ಉರುಳುವ ಚೆಂಡುಗಳನ್ನು ಗಮನಿಸಿದರೆ ಕೊರತೆ ಎಲ್ಲಿತ್ತೆಂದು ತಾನಾಗಿಯೇ ಕಾಣುತ್ತದೆ.

ಬಲಬದಿಯ ಕಥೆಯೇ ಬೇರೆ. ಥರ್ಡ್ ಬೇಸ್ ಕಡೆಯ ಆಳಕ್ಕೆ ಓಡಿ, ಗ್ಲೌಸ್ ಅಡ್ಡ ಹಿಡಿದು ಚೆಂಡು ಬಾಚಿ, ನಿಂತು ಕಾಲೂರಲು ಸಮಯವಿಲ್ಲದೆ ಗಾಳಿಯಲ್ಲಿ ಜಿಗಿದು, ದೇಹ ಇನ್ನೂ ಹೊರಗೆ ವಾಲುತ್ತಿರುವಾಗಲೇ ಫಸ್ಟ್ ಬೇಸ್‌ಗೆ ಎಸೆಯುವ ಅವರ ಶೈಲಿಯನ್ನು ಮುಂದಿನ ತಲೆಮಾರಿನ ಹುಡುಗರೆಲ್ಲ ಅನುಕರಿಸಿದರು. ತಲೆಯ ಮೇಲೆ ಹಾರಿದ ಚೆಂಡಿನ ಹಿಂದೆ ಓಡುವುದರಲ್ಲೂ ಅವರು ನಿಸ್ಸೀಮರು. 2004ರ ಜುಲೈ 1ರಂದು ಬಾಸ್ಟನ್ ವಿರುದ್ಧ ಅಂಥದ್ದೊಂದು ಚೆಂಡನ್ನು ಹಿಡಿದು, ವೇಗ ತಡೆಯಲಾಗದೆ ಪ್ರೇಕ್ಷಕರ ಕುರ್ಚಿಗಳ ಮೇಲೆ ಬಿದ್ದು ಮುಖಕ್ಕೆ ಗಾಯ ಮಾಡಿಕೊಂಡರು. ಇಂಥ ದೃಶ್ಯಗಳೇ ನೆನಪಿನಲ್ಲಿ ಉಳಿಯುವುದು. ಅವರಿಗೆ ಬಂದ 5 ಗೋಲ್ಡ್ ಗ್ಲೋವ್‌ಗಳಲ್ಲಿ ಇವುಗಳ ಪಾಲೂ ಇದೆ ಎಂದೇ ನನ್ನ ಭಾವನೆ.

ಯಾವ ಅಂಕಿಗೂ ಸಿಗದ ಗುಣವೊಂದನ್ನು ನೋಡಬೇಕಾದರೆ 2001ರ ಅಕ್ಟೋಬರ್ 13ರ ಓಕ್ಲೆಂಡ್ ಪಂದ್ಯದ ಏಳನೆಯ ಇನ್ನಿಂಗ್ಸ್ ಹುಡುಕಿ ನೋಡಿ. ಸರಣಿಯಲ್ಲಿ 0-2 ಹಿಂದಿದ್ದ ಯಾಂಕೀಸ್ ಆ ಪಂದ್ಯದಲ್ಲಿ 1-0 ಮುಂದಿತ್ತು. ಟೆರೆನ್ಸ್ ಲಾಂಗ್ ಬಲ ಮೈದಾನದ ಮೂಲೆಗೆ ಹೊಡೆದಾಗ ಜೆರೆಮಿ ಜಿಯಾಂಬಿ ಫಸ್ಟ್ ಬೇಸ್‌ನಿಂದ, ಮುಟ್ಟಿದರೆ ರನ್ ಸಿಗುವ ಹೋಮ್ ಪ್ಲೇಟ್‌ನವರೆಗೂ ಓಡಿದರು. ಶೇನ್ ಸ್ಪೆನ್ಸರ್ ಎಸೆದ ಚೆಂಡು ನಡುವೆ ಹಿಡಿಯಬೇಕಿದ್ದ ಇಬ್ಬರ ತಲೆಯ ಮೇಲೂ ಹಾರಿಹೋಯಿತು. ಆಗ ಮೈದಾನವನ್ನು ಅಡ್ಡಹಾಯ್ದು ಓಡಿಬಂದ ಜೀಟರ್, ಫಸ್ಟ್ ಬೇಸ್ ಗೆರೆಯ ಬಳಿ ಚೆಂಡನ್ನು ಬಾಚಿ, ಓಡುತ್ತಲೇ ಕ್ಯಾಚರ್ ಹೋರ್ಹೆ ಪೊಸಾಡಾ ಕೈಗೆ ಪಕ್ಕಕ್ಕೆ ತೂರಿದರು. ಜಿಯಾಂಬಿ ಔಟ್ ಆದರು. ಯಾಂಕೀಸ್ ಪಂದ್ಯವನ್ನೂ ಸರಣಿಯನ್ನೂ ಗೆದ್ದಿತು. ಈ ತುಣುಕನ್ನು ಮೂರು ಬಾರಿಯಾದರೂ ನೋಡಬೇಕು: ಒಮ್ಮೆ ಚೆಂಡನ್ನು, ಒಮ್ಮೆ ಜಿಯಾಂಬಿಯನ್ನು, ಕೊನೆಗೆ ಜೀಟರ್ ಓಡಲು ಶುರುಮಾಡಿದ ಕ್ಷಣವನ್ನು ಮಾತ್ರ.

ಬ್ಯಾಟಿಂಗ್ ಅಳೆಯುವುದು ಇದಕ್ಕಿಂತ ಸರಳ. ಒಟ್ಟು 3,465 ಹಿಟ್, .310 ಸರಾಸರಿ (ಸಾವಿರ ಅವಕಾಶಕ್ಕೆ 310 ಹಿಟ್), 260 ಹೋಮ್ ರನ್ (ಚೆಂಡನ್ನು ಮೈದಾನದಾಚೆ ಕಳುಹಿಸಿದ ಹೊಡೆತ). ಎಂಟು ಋತುಗಳಲ್ಲಿ 200ಕ್ಕೂ ಹೆಚ್ಚು ಹಿಟ್. ಮೈಗೆ ಹತ್ತಿರ ಬಂದ ಚೆಂಡನ್ನು ಬಲಗೈ ಬ್ಯಾಟರ್‌ಗಳು ಸಾಮಾನ್ಯವಾಗಿ ಎಡಕ್ಕೆ ಎಳೆಯುತ್ತಾರೆ. ಜೀಟರ್ ಕೈಗಳನ್ನು ಮೈಗೆ ಒತ್ತಿ ಮುಂದಕ್ಕೆ ತಂದು, ಬ್ಯಾಟಿನ ತುದಿಯನ್ನು ಹಿಂದೆ ಉಳಿಸಿ, ಅಂಥ ಚೆಂಡನ್ನೂ ಬಲ ಮೈದಾನಕ್ಕೆ ಕಳುಹಿಸುತ್ತಿದ್ದರು.

ವೃತ್ತಿಜೀವನವನ್ನು ಓದುವಾಗ ಆರಂಭದ ವರ್ಷಗಳನ್ನು ಬಿಟ್ಟು ಮುಂದೆ ಹೋಗಬೇಡಿ. 1992ರಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮಿಷಿಗನ್‌ನ ಕ್ಯಾಲಮಝೂದಿಂದ ಆರನೆಯವರಾಗಿ ಆಯ್ಕೆಯಾದ ಜೀಟರ್, ಮರುವರ್ಷ ಕೆಳ ಹಂತದ ಲೀಗ್‌ನಲ್ಲಿ 126 ಪಂದ್ಯಗಳಲ್ಲಿ 56 ಎರರ್ ಮಾಡಿದರು. ಆಮೇಲೆ ತರಬೇತುದಾರ ಬ್ರಯನ್ ಬಟರ್‌ಫೀಲ್ಡ್ ಅವರ ಕೈಕೆಳಗೆ ಫೀಲ್ಡಿಂಗ್ ಅನ್ನು ಬಹುತೇಕ ಮೊದಲಿನಿಂದ ಕಲಿತರು. 1996ಕ್ಕೆ ವರ್ಷದ ಹೊಸ ಆಟಗಾರ ಪ್ರಶಸ್ತಿ ಸರ್ವಾನುಮತದಿಂದ ಬಂತು. ತಂಡಕ್ಕೆ ಋತುವಿನ ಅಂತಿಮ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಬಂತು, ಜೀಟರ್ ಗೆದ್ದ ಅಂಥವು ಒಟ್ಟು ಐದು. ವಯಸ್ಸಾದಂತೆ ಶಾರ್ಟ್‌ಸ್ಟಾಪ್‌ಗಳು ಥರ್ಡ್ ಬೇಸ್‌ಗೆ ಸರಿಯುವುದು ವಾಡಿಕೆ. ರಿಪ್ಕಿನ್ ಕೂಡ ಸರಿದರು. 2004ರಲ್ಲಿ ಅಲೆಕ್ಸ್ ರಾಡ್ರಿಗಸ್ ಎಂಬ ಎರಡು ಗೋಲ್ಡ್ ಗ್ಲೋವ್‌ಗಳ ಶಾರ್ಟ್‌ಸ್ಟಾಪ್ ಯಾಂಕೀಸ್‌ಗೆ ಬಂದಾಗ ಸರಿದವರು ಬಂದವರೇ ಹೊರತು ಜೀಟರ್ ಅಲ್ಲ. ತಂಡ ಆ ನಿರ್ಧಾರಕ್ಕೆ ರನ್‌ಗಳಲ್ಲಿ ಬೆಲೆ ತೆತ್ತಿತೆಂದು ನಾನು ನಂಬುತ್ತೇನೆ.

2012ರಲ್ಲಿ, 38ರ ವಯಸ್ಸಿನಲ್ಲಿ, 216 ಹಿಟ್ ಗಳಿಸಿ ಎಲ್ಲರನ್ನೂ ಹಿಂದೆ ಹಾಕಿದ ಅವರ ಪಾದದ ಕೀಲು ಅದೇ ಅಕ್ಟೋಬರ್‌ನಲ್ಲಿ ಮುರಿಯಿತು; 2013ರಲ್ಲಿ ಆಡಿದ್ದು 17 ಪಂದ್ಯ ಮಾತ್ರ. ಮೇಲೆ ಹೇಳಿದ ಬ್ಯಾಟಿಂಗ್ ಶೈಲಿಯನ್ನು ಒಂದೇ ಹೊಡೆತದಲ್ಲಿ ನೋಡಬಯಸುವವರು 2014ರ ಸೆಪ್ಟೆಂಬರ್ 25ರ ಪಂದ್ಯದ ಕೊನೆಯ ಚೆಂಡನ್ನು ನೋಡಬಹುದು. ತವರು ಮೈದಾನದ ಆ ಕೊನೆಯ ಪಂದ್ಯದಲ್ಲಿ ಬಾಲ್ಟಿಮೋರ್ ಪಿಚರ್ ಎಸೆದ ಮೊದಲ ಚೆಂಡನ್ನೇ ಬಲ ಮೈದಾನಕ್ಕೆ ತಳ್ಳಿ ಅವರು ತಂಡವನ್ನು 6-5ರಿಂದ ಗೆಲ್ಲಿಸಿದರು. ಅದಾದ ಮೇಲೆ ಬಾಸ್ಟನ್‌ನಲ್ಲಿ ಬ್ಯಾಟ್ ಹಿಡಿದರಾದರೂ ಫೀಲ್ಡಿಂಗ್‌ಗೆ ಇಳಿಯಲಿಲ್ಲ. ಶಾರ್ಟ್‌ಸ್ಟಾಪ್ ಪಂದ್ಯಗಳ ಲೆಕ್ಕ 2,674ಕ್ಕೇ ನಿಂತಿತು.