ಕರೆಂಟ್ ಕೋ-ಆಪ್‌ನಿಂದ ಬರುವ ಲಕೋಟೆ ಬಿಸಾಡುವ ಮುಂಚೆ

ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಯಿತು. ಗ್ರೀನ್ ಕಾರ್ಡ್ ಸಾಲಿನಲ್ಲಿ ಇನ್ನೂ ನಿಂತೇ ಇದ್ದೇವೆ. ಈ ದೇಶದಲ್ಲಿ ನನಗೆ ವೋಟು ಇರುವುದು ಒಂದೇ ಕಡೆ: ಮನೆಗೆ ಕರೆಂಟ್ ಕೊಡುವ ಕೋ-ಆಪ್‌ನಲ್ಲಿ, ಅಂದರೆ ಸಹಕಾರ ಸಂಘದಲ್ಲಿ. ಅದು ಗೊತ್ತಾಗುವುದಕ್ಕೇ ನಾಲ್ಕು ವರ್ಷ ಹಿಡಿಯಿತು. ಅಷ್ಟೂ ವರ್ಷ ಅವರು ಕಳಿಸಿದ ಲಕೋಟೆಗಳನ್ನು ಜಾಹೀರಾತು ಅಂದುಕೊಂಡು ಒಡೆಯದೇ ಬಿಸಾಡಿದ್ದೆ.

ಜಾರ್ಜಿಯಾ ರಾಜ್ಯದ ಅಟ್ಲಾಂಟಾ ದಾಟಿ ಉತ್ತರಕ್ಕೆ ಮನೆ ಕೊಂಡ ನಮ್ಮವರಲ್ಲಿ ಬಹಳ ಜನರ ಕಥೆ ಇದೇ. ಬಿಲ್ ಮೇಲೆ ಇಎಂಸಿ ಅಂತ ಇರುತ್ತದೆ. ಯಾವುದೋ ಕಂಪನಿ ಇರಬೇಕು ಅಂತ ದುಡ್ಡು ಕಟ್ಟಿ ಸುಮ್ನಾಗುತ್ತೇವೆ. ಇಎಂಸಿ ಅಂದರೆ ಎಲೆಕ್ಟ್ರಿಕ್ ಮೆಂಬರ್‌ಶಿಪ್ ಕಾರ್ಪೊರೇಷನ್. ಗ್ರಾಮೀಣ ವಿದ್ಯುತ್ ಸಹಕಾರ ಸಂಘಕ್ಕೆ ಜಾರ್ಜಿಯಾದಲ್ಲಿ ಇರುವ ಹೆಸರು ಅದು. ಊರಲ್ಲಿ ಹಾಲಿನ ಸೊಸೈಟಿ ಇದೆಯಲ್ಲ, ಹಾಲು ಹಾಕುವವರೇ ಸದಸ್ಯರು. ಇಲ್ಲಿ ಕರೆಂಟ್ ಉರಿಸುವವರೇ ಸದಸ್ಯರು, ಅವರೇ ಮಾಲೀಕರು.

ಇದರ ಹುಟ್ಟಿಗೂ ಜಾರ್ಜಿಯಾಕ್ಕೂ ಒಂದು ನಂಟಿದೆ. 1924ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇಲ್ಲಿನ ವಾರ್ಮ್ ಸ್ಪ್ರಿಂಗ್ಸ್‌ಗೆ ಬಂದಿದ್ದರು. ಅವರ ಪುಟ್ಟ ಮನೆಗೆ ಯೂನಿಟ್‌ಗೆ 18 ಸೆಂಟ್ ಲೆಕ್ಕದಲ್ಲಿ ಕರೆಂಟ್ ಬಿಲ್ ಬಂತು. ನ್ಯೂಯಾರ್ಕ್‌ನ ಅವರ ಮನೆಯಲ್ಲಿ ಕೊಡುತ್ತಿದ್ದುದರ ಸುಮಾರು ನಾಲ್ಕು ಪಟ್ಟು. ಹಳ್ಳಿಗೆ ಕರೆಂಟ್ ತರಬೇಕು ಅನ್ನುವ ಯೋಚನೆ ಹುಟ್ಟಿದ್ದು ಅಲ್ಲೇ ಅಂತ 1938ರಲ್ಲಿ ಬಾರ್ನ್ಸ್‌ವಿಲ್‌ನಲ್ಲಿ ಅವರೇ ಹೇಳಿದರು. ಅಷ್ಟು ಹೊತ್ತಿಗೆ ಅಮೆರಿಕದ ಅಧ್ಯಕ್ಷರಾಗಿದ್ದರು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಇಲಾಖೆ ಶುರು ಮಾಡಿದಾಗ ಇಡೀ ಅಮೆರಿಕದಲ್ಲಿ ಸುಮಾರು ಹತ್ತು ತೋಟದ ಮನೆಗಳಲ್ಲಿ ಒಂದಕ್ಕಷ್ಟೇ ಕರೆಂಟ್ ಇತ್ತು. ಮೈಲಿಗೆ ಮೂರು ಮನೆ ಇರುವ ಕಡೆ ಕಂಬ ಹಾಕಿ ಏನು ಲಾಭ ಅಂತ ಕಂಪನಿಗಳು ಬರಲಿಲ್ಲ. ಸರ್ಕಾರದಿಂದ ಸಾಲ ತಗೊಂಡು ರೈತರೇ ಸಂಘ ಕಟ್ಟಿಕೊಂಡರು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮೊದಲು ಸದಸ್ಯತ್ವ ಯಾರ ಹೆಸರಲ್ಲಿದೆ ನೋಡಿ. ಮನೆ ಕೊಂಡ ಗಡಿಬಿಡಿಯಲ್ಲಿ ನಮ್ಮ ಯಜಮಾನರೊಬ್ಬರೇ ಅರ್ಜಿ ತುಂಬಿದ್ದರು. ನಿಮ್ಮಲ್ಲೂ ಹಾಗಿದ್ದರೆ ಫೋನ್ ಮಾಡಿ ಜಂಟಿ ಸದಸ್ಯತ್ವ ಕೇಳಿ. ಒಂದು ಫಾರ್ಮ್, ಎರಡು ಸಹಿ, ಅಷ್ಟೇ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾಳೆ ಒಬ್ಬರಿಗೆ ಏನಾದರೂ ಆದರೆ ಖಾತೆಯಲ್ಲಿರುವ ಹಣಕ್ಕೆ ಇನ್ನೊಬ್ಬರು ಕಾಗದ ಹಿಡಿದು ಅಲೆಯುವುದು ತಪ್ಪುತ್ತದೆ.

ಖಾತೆಯಲ್ಲಿ ಯಾವ ಹಣ ಅಂತೀರಾ? ಅದರ ಹೆಸರು ಕ್ಯಾಪಿಟಲ್ ಕ್ರೆಡಿಟ್. ನಾನು ಬಿಸಾಡಿದ ಲಕೋಟೆಯಲ್ಲಿದ್ದ ವಿಷಯ ಅದೇ. ಕೋ-ಆಪ್‌ಗೆ ವರ್ಷದ ಕೊನೆಗೆ ಖರ್ಚೆಲ್ಲ ಕಳೆದು ಹಣ ಉಳಿದರೆ ಅದು ಲಾಭ ಅಲ್ಲ, ಸದಸ್ಯರದ್ದು. ನೀವು ಆ ವರ್ಷ ಎಷ್ಟು ಬಿಲ್ ಕಟ್ಟಿದ್ದೀರೋ ಆ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಬರೆದಿಡುತ್ತಾರೆ. ಬರೆದಿಡುತ್ತಾರೆ ಅಷ್ಟೇ, ಕೈಗೆ ಕೊಡುವುದಿಲ್ಲ. ಆ ಹಣದಲ್ಲಿ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಕೆಲಸ ನಡೆಯುತ್ತದೆ. ಎಷ್ಟೋ ವರ್ಷದ ಮೇಲೆ ಬೋರ್ಡ್ ತೀರ್ಮಾನ ಮಾಡಿದಾಗ ಚೆಕ್ ಬರುತ್ತದೆ, ಇಲ್ಲವೇ ಬಿಲ್‌ನಲ್ಲಿ ವಜಾ ಆಗುತ್ತದೆ. ಹತ್ತಿಪ್ಪತ್ತು ವರ್ಷ ಕಾಯುವುದೂ ಉಂಟು. ಬಡ್ಡಿ ಇಲ್ಲ.

ಇಲ್ಲಿ ನಮ್ಮವರು ಹಣ ಕಳೆದುಕೊಳ್ಳುವುದು ಮನೆ ಬದಲಿಸುವಾಗ. ಪರಿಚಯದ ಒಬ್ಬರು ಎಂಟು ವರ್ಷ ಇಲ್ಲಿದ್ದು ಟೆಕ್ಸಸ್‌ಗೆ ಹೋದರು. ಬಿಲ್ ಚುಕ್ತಾ ಮಾಡಿದರು, ಹೊಸ ವಿಳಾಸ ಕೊಡಲಿಲ್ಲ. ಅವರ ಹೆಸರು ವಾರಸುದಾರರಿಲ್ಲದ ಹಣದ ಪಟ್ಟಿಯಲ್ಲಿ ಸಿಕ್ಕಿತು, ಅದೂ ನಾನು ಸುಮ್ನೆ ಕುತೂಹಲಕ್ಕೆ ಹುಡುಕಿದಾಗ. ಊರು ಬಿಟ್ಟರೂ ಆ ಹಣ ನಿಮ್ಮದೇ. ಹಾಗಾಗಿ ಹೊರಡುವಾಗ ವಿಳಾಸ ಕೊಡಿ, ಮುಂದೆ ಮತ್ತೆ ಬದಲಾದರೆ ಮತ್ತೆ ಕೊಡಿ. ಸದಸ್ಯರು ತೀರಿಕೊಂಡರೆ ವಾರಸುದಾರರು ಅರ್ಜಿ ಹಾಕಿ ತಗೊಳ್ಳಬಹುದು. ಬೇಗ ಬೇಕೆಂದರೆ ಬಹಳ ಕೋ-ಆಪ್‌ಗಳು ಸ್ವಲ್ಪ ಮುರಿದುಕೊಂಡು ಕೊಡುತ್ತವೆ. ಮನೆ ಬಳಕೆಯ ಕರೆಂಟ್‌ಗೆ ಬಂದ ಕ್ರೆಡಿಟ್ ಮೇಲೆ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಕರೆಂಟ್ ಬಿಲ್ಲನ್ನು ವ್ಯಾಪಾರದ ಖರ್ಚು ಅಂತ ತೋರಿಸಿದ್ದರೆ ಮಾತು ಬೇರೆ.

ಬಿಲ್ ವಿಚಾರಕ್ಕೆ ಬಂದರೆ, ನಿಮ್ಮ ದರದಲ್ಲಿ ಡಿಮ್ಯಾಂಡ್ ಚಾರ್ಜ್ ಇದೆಯಾ ಅಂತ ಮೊದಲು ಕೇಳಿ. ಎಲ್ಲ ಕಡೆ ಇಲ್ಲ, ಕೆಲವು ಕಡೆ ಇದೆ. ತಿಂಗಳಲ್ಲಿ ಎಷ್ಟು ಯೂನಿಟ್ ಉರಿಸಿದಿರಿ ಅನ್ನುವುದರ ಜೊತೆಗೆ, ಯಾವುದೋ ಒಂದು ಗಂಟೆಯಲ್ಲಿ ಅತಿ ಜಾಸ್ತಿ ಎಷ್ಟು ಎಳೆದಿರಿ ಅಂತಲೂ ಲೆಕ್ಕ ಹಾಕುತ್ತಾರೆ. ನಮಗೆ ಬಿಸಿ ಮುಟ್ಟಿದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ಆಗಸ್ಟ್‌ನ ಸುಡು ಸಂಜೆ, ಮನೆ ತುಂಬ ಜನ. ಏಸಿ ನಾಲ್ಕು ಕಿಲೋವ್ಯಾಟ್, ಬಟ್ಟೆ ಡ್ರೈಯರ್ ಐದು, ಬಿಸಿನೀರಿನ ಹೀಟರ್ ನಾಲ್ಕೂವರೆ. ಸಾಲದ್ದಕ್ಕೆ ಆಫೀಸಿನಿಂದ ಬಂದ ಯಜಮಾನರು ಕಾರನ್ನು ಚಾರ್ಜಿಗೆ ಹಾಕಿದರು, ಅದಕ್ಕೊಂದು ಏಳು. ಆ ಒಂದು ಗಂಟೆ ಇಡೀ ತಿಂಗಳ ಬಿಲ್ ಮೇಲೆ ಕೂತಿತು. ಈಗ ಕಾರು ರಾತ್ರಿ ಹನ್ನೊಂದರ ಮೇಲೆ, ಡ್ರೈಯರ್ ಬೆಳಿಗ್ಗೆ. ಕಾರು ಇರುವವರಿಗೆ ರಾತ್ರಿಯ ಕಡಿಮೆ ದರ ಕೊಡುವ ಕೋ-ಆಪ್‌ಗಳೂ ಇವೆ. ಅದು ತಾನಾಗಿ ಸಿಗುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು.

ಮನೆಯಲ್ಲಿ ಎಲ್ಲಿ ಕರೆಂಟ್ ಸೋರುತ್ತಿದೆ ಅಂತ ಬಂದು ನೋಡುವ ಎನರ್ಜಿ ಆಡಿಟ್ ಪುಕ್ಕಟೆ ಅಥವಾ ಕಡಿಮೆ ಬೆಲೆಗೆ ಸಿಗುತ್ತದೆ. ಮಾಡಿಸಿ. ನಮ್ಮ ಅಟ್ಟದಲ್ಲಿ ಏಸಿ ಪೈಪೊಂದು ಕಳಚಿಕೊಂಡು ಅಟ್ಟವನ್ನೇ ತಣ್ಣಗೆ ಮಾಡುತ್ತಿತ್ತು.

ಸೋಲಾರ್ ಹಾಕಿಸುವವರು ಸಹಿ ಮಾಡುವ ಮುಂಚೆ ಕೋ-ಆಪ್‌ಗೆ ಫೋನ್ ಮಾಡಲೇಬೇಕು. ಬಾಗಿಲಿಗೆ ಬಂದು ಬಿಲ್ ಸೊನ್ನೆ ಆಗುತ್ತದೆ ಅನ್ನುವ ಹುಡುಗನಿಗೆ ನಿಮ್ಮ ಕೋ-ಆಪ್‌ನ ನಿಯಮ ಗೊತ್ತಿರಬೇಕು ಅಂತೇನಿಲ್ಲ. ನೀವು ಹೊರಗೆ ಬಿಟ್ಟ ಕರೆಂಟ್‌ಗೆ ಬಹಳ ಕಡೆ ನೀವು ಕೊಳ್ಳುವ ದರ ಸಿಗುವುದಿಲ್ಲ, ಅದಕ್ಕಿಂತ ತುಂಬ ಕಡಿಮೆ ಸಿಗುತ್ತದೆ. ಸ್ವಂತ ದುಡ್ಡಲ್ಲಿ ಹಾಕಿಸುವ ಮನೆಯವರಿಗೆ ಇದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಕೊನೆಗೆ ಮುಗಿದಿದೆ. ಇವೆರಡೂ ಸೇರಿಸಿ ಲೆಕ್ಕ ಹಾಕಿ.

ಕರೆಂಟ್ ಹೋದಾಗ ಪಕ್ಕದ ಮನೆಯವರು ಹೇಳಿರುತ್ತಾರೆ ಬಿಡು ಅಂತ ಕೂರಬೇಡಿ. ಮೊದಲು ನಿಮ್ಮ ಬ್ರೇಕರ್ ನೋಡಿ, ಆಮೇಲೆ ತಿಳಿಸಿ. ಖಾತೆಯಲ್ಲಿ ಈಗಿನ ಫೋನ್ ನಂಬರ್ ಇದ್ದರೆ ಯಾವ ಮನೆ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಬಿರುಗಾಳಿ ಬಂದಾಗ ಅವರು ದೊಡ್ಡ ಲೈನ್, ಸಬ್‌ಸ್ಟೇಷನ್, ಆಮೇಲೆ ಬೀದಿ ಲೈನ್, ಕಡೆಗೆ ಒಂಟಿ ಮನೆ, ಈ ಕ್ರಮದಲ್ಲಿ ರಿಪೇರಿ ಮಾಡುತ್ತಾರೆ. ಎದುರು ಮನೆಗೆ ಬೆಳಕು ಬಂದು ನಿಮಗೆ ಬಾರದಿದ್ದರೆ ಮತ್ತೆ ಫೋನ್ ಮಾಡಿ, ತೊಂದರೆ ನಿಮ್ಮ ಮನೆಯ ತಂತಿಯಲ್ಲೇ ಇರಬಹುದು. ಗೋಡೆ ಮೇಲಿನ ಮೀಟರ್ ಪೆಟ್ಟಿಗೆ, ತಂತಿ ಇಳಿಯುವ ಪೈಪು ಸಾಮಾನ್ಯವಾಗಿ ಮನೆಯವರದ್ದೇ. ಅದು ಮುರಿದಿದ್ದರೆ ಎಲೆಕ್ಟ್ರಿಷಿಯನ್ ಸರಿ ಮಾಡುವ ತನಕ ಕೋ-ಆಪ್ ಸಂಪರ್ಕ ಕೊಡುವುದಿಲ್ಲ. ಜನರೇಟರನ್ನು ಗೋಡೆ ಪ್ಲಗ್‌ಗೆ ಯಾವ ಕಾರಣಕ್ಕೂ ಚುಚ್ಚಬೇಡಿ. ಕರೆಂಟ್ ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮನ್ ಸಾಯಬಹುದು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಪೂರ್ವ ಜಾರ್ಜಿಯಾವನ್ನು ಮಲಗಿಸಿದಾಗ ಬೇರೆ ರಾಜ್ಯಗಳ ಕೋ-ಆಪ್‌ಗಳಿಂದಲೂ ಲೈನ್‌ಮನ್‌ಗಳು ಬಂದು ದುಡಿದರು.

ಮನೆಯಲ್ಲಿ ಆಕ್ಸಿಜನ್ ಯಂತ್ರ ಬಳಸುವವರಿದ್ದರೆ ಡಾಕ್ಟರ್ ಸಹಿ ಮಾಡಿದ ಫಾರ್ಮ್ ಕೊಟ್ಟು ಹೆಸರು ಬರೆಸಿ. ಅತ್ತೆ ಆರು ತಿಂಗಳಿಗೆ ಬಂದಾಗ ನಾನು ಬರೆಸಿದ್ದೆ. ಆದರೆ ಇದನ್ನು ತಪ್ಪು ತಿಳಿಯಬೇಡಿ. ಹೆಸರು ಬರೆಸಿದ್ದಕ್ಕೆ ಕರೆಂಟ್ ಮೊದಲು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಬ್ಯಾಟರಿ, ತುಂಬಿದ ಸಿಲಿಂಡರ್ ನೀವೇ ಇಟ್ಟುಕೊಳ್ಳಬೇಕು.

ಬಿಲ್‌ನಲ್ಲಿ ರೌಂಡ್ ಅಪ್ ಅಂತ ಚಿಲ್ಲರೆ ಸೇರಿದ್ದರೆ ಗಾಬರಿ ಬೇಡ. ಬಿಲ್ಲನ್ನು ಮುಂದಿನ ಡಾಲರ್‌ಗೆ ಏರಿಸಿ ಆ ಚಿಲ್ಲರೆಯನ್ನು ಸುತ್ತಲಿನ ಊರುಗಳ ಕೆಲಸಕ್ಕೆ ಕೊಡುತ್ತಾರೆ. 1989ರಲ್ಲಿ ದಕ್ಷಿಣ ಕೆರೊಲಿನಾದ ಒಂದು ಕೋ-ಆಪ್ ಶುರು ಮಾಡಿದ್ದು. ವರ್ಷಕ್ಕೆ ಹೆಚ್ಚೆಂದರೆ 11 ಡಾಲರ್ 88 ಸೆಂಟ್. ಬೇಡವಾದರೆ ತೆಗೆಸಬಹುದು. ಹೈಸ್ಕೂಲ್ ಮಕ್ಕಳಿದ್ದರೆ ಯೂತ್ ಟೂರ್ ಬಗ್ಗೆ ಕೇಳಿ. ಆಯ್ಕೆಯಾದ ಮಕ್ಕಳನ್ನು ಕೋ-ಆಪ್ ಖರ್ಚಿನಲ್ಲೇ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಕರೆದೊಯ್ಯುತ್ತಾರೆ. ಅರ್ಜಿ ತಿಂಗಳುಗಟ್ಟಲೆ ಮುಂಚೆಯೇ ಮುಗಿಯುತ್ತದೆ.

ಇನ್ನು ವೋಟು. ದುಡ್ಡು ಎಷ್ಟೇ ಕಟ್ಟಿ, ಒಂದು ಸದಸ್ಯತ್ವಕ್ಕೆ ಒಂದೇ ವೋಟು. ಬಂಗಲೆಗೂ ಒಂದು, ಟ್ರೇಲರ್ ಮನೆಗೂ ಒಂದು. ಸಾಮಾನ್ಯವಾಗಿ ಪೌರತ್ವ ಕೇಳುವುದಿಲ್ಲ, ಸದಸ್ಯರಾಗಿದ್ದರೆ ಸಾಕು. ದರ, ಸೋಲಾರ್ ನಿಯಮ, ಕ್ರೆಡಿಟ್ ಯಾವಾಗ ವಾಪಸ್, ಇದೆಲ್ಲ ತೀರ್ಮಾನಿಸುವ ನಿರ್ದೇಶಕರನ್ನು ನಾವೇ ಆರಿಸುತ್ತೇವೆ. ನಾನು ಮೊದಲ ಸಲ ವಾರ್ಷಿಕ ಸಭೆಗೆ ಹೋದಾಗ ಕೌಂಟರ್‌ನಲ್ಲಿದ್ದ ಅಜ್ಜಿ ಬಿಲ್ ನೋಡಿದರು, ವೋಟಿನ ಚೀಟಿ ಕೊಟ್ಟರು, ಜೊತೆಗೊಂದು ಪ್ಲಾಸ್ಟಿಕ್ ಬಕೆಟ್ ಮತ್ತು ಎರಡು ಎಲ್‌ಇಡಿ ಬಲ್ಬು ಕೊಟ್ಟರು. ಎಚ್-1ಬಿ ವೀಸಾ ಅಂತ ಹೇಳಲು ಬಾಯಿ ತೆರೆದಿದ್ದೆ, ಯಾರೂ ಕೇಳಲಿಲ್ಲ. ಸಭೆಗೆ ಹೋಗಲು ಆಗದಿದ್ದರೆ ಅಂಚೆಯಲ್ಲೋ ಆನ್‌ಲೈನ್‌ನಲ್ಲೋ ವೋಟು ಹಾಕುವ ವ್ಯವಸ್ಥೆ ಬಹಳ ಕಡೆ ಇದೆ. ಆ ಚೀಟಿ ಬರುವುದೂ ನಾನು ಬಿಸಾಡುತ್ತಿದ್ದಂಥ ಲಕೋಟೆಯಲ್ಲೇ.