ಮಳೆಗಾಲಕ್ಕೆ ಪಂಪ್‌ಸೆಟ್ ಎತ್ತಿಡುವ ಮುಂಚೆ ಇಂಜಿನ್ನಿಗೆ ಎಣ್ಣೆ ಮಂಜು ಕುಡಿಸುವ ಕ್ರಮ

ಬೇಸಿಗೆಯಿಡೀ ಹಳ್ಳದ ನೀರೆತ್ತಿ ತೋಟ ಉಳಿಸಿದ ಪೆಟ್ರೋಲ್ ಪಂಪ್‌ಸೆಟ್ಟು ಮಳೆ ಹಿಡಿದ ಮೇಲೆ ಕೊಟ್ಟಿಗೆಯ ಮೂಲೆ ಸೇರುತ್ತದೆ. ಮತ್ತೆ ಅದರ ನೆನಪಾಗುವುದು ದೀಪಾವಳಿ ಕಳೆದ ಮೇಲೆಯೇ. ಆಗ ಹಗ್ಗ ಎಳೆದರೆ ಜಪ್ಪಯ್ಯ ಅಂದರೂ ತಿರುಗುವುದಿಲ್ಲ, ತಿರುಗಿದರೂ ಹೊಗೆ ಕಾರುತ್ತದೆ. ಅಷ್ಟು ದಿನ ದುಡಿದಾಗ ಕೆಡದ ಇಂಜಿನ್ನು ಐದು ತಿಂಗಳು ಸುಮ್ಮನೆ ಕೂತದ್ದಕ್ಕೆ ಕೆಟ್ಟಿತು.

ಓಡುವ ಇಂಜಿನ್ನಿನ ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗೆ, ಸದಾ ಎಣ್ಣೆ ಸಿಡಿಯುತ್ತಿರುತ್ತದೆ. ನಿಲ್ಲಿಸಿಟ್ಟಾಗ ಆ ಪದರ ಮೆಲ್ಲಗೆ ಕೆಳಗಿಳಿದು ಬೋರಿನ ಒಳಗೋಡೆಯಾದ ಎರಕದ ಕಬ್ಬಿಣದ ಸ್ಲೀವ್ ಬರಿಮೈಯಾಗುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ. ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನಕ್ಕೂ ಒಣಗದ ಮಲೆನಾಡಿನ ಆಷಾಢದಲ್ಲಿ ಇದು ನಿತ್ಯ ನಡೆಯುತ್ತದೆ. ಪಿಸ್ಟನ್ ರಿಂಗ್ ನಿಂತ ಜಾಗದಲ್ಲೇ ಬೋರಿನ ಸುತ್ತ ಬಳೆಯಂತೆ ತುಕ್ಕು ಕೂರುತ್ತದೆ. ನವೆಂಬರಿನಲ್ಲಿ ಹಗ್ಗ ಜಗ್ಗಿದಾಗ ರಿಂಗು ಆ ಬಳೆಯನ್ನು ಉಜ್ಜಿಕೊಂಡೇ ಮೇಲೆ ಕೆಳಗೆ ಹೋಗಬೇಕು. ಬೋರಿಗೆ ಗೀರು ಬಿದ್ದು, ಇಂಜಿನ್ನು ಎಣ್ಣೆ ಕುಡಿಯಲು ಶುರುವಾಗುವುದು ಹೀಗೆ. ವಾಲ್ವಿನ ಕಾಂಡ ಗೈಡಿನಲ್ಲಿ ಕಚ್ಚಿಕೊಳ್ಳುವುದಕ್ಕೂ ಕಾರಣ ಇದೇ ತೇವ.

ಇದಕ್ಕಿರುವ ಮದ್ದು ಫಾಗಿಂಗ್. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಗಾಳಿಬಾಯಿಯಿಂದ ಎಣ್ಣೆಯನ್ನು ಮಂಜಿನಂತೆ ಒಳಗೆ ಎಳೆಸಿ ಬೋರು, ವಾಲ್ವು, ಪಿಸ್ಟನ್ ತಲೆ ಎಲ್ಲಕ್ಕೂ ತೆಳುವಾಗಿ ಸವರುವುದು. ರೋಹಿಣಿ ಮಳೆ ಹಿಡಿಯುವ ಮುಂಚಿನ ಒಂದು ಒಣ ದಿನ ನೋಡಿ ಅರ್ಧ ಗಂಟೆ ಕೊಟ್ಟರೆ ಮುಗಿಯುತ್ತದೆ.

ಫಾಗಿಂಗ್ ಆಯಿಲ್ ಎಂದೇ ಸ್ಪ್ರೇ ಡಬ್ಬಿ ಬರುತ್ತದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗದಿದ್ದರೆ ಟೂ ಸ್ಟ್ರೋಕ್ ಇಂಜಿನ್ನಿಗೆ ಹಾಕುವ 2ಟಿ ಆಯಿಲ್ ಸಾಕು. ಅದನ್ನು ಉದ್ದ ಮೂತಿಯ ಆಯಿಲ್ ಕ್ಯಾನಿಗೆ ತುಂಬಿಕೊಳ್ಳಿ. ಹನಿಹನಿಯಾಗಿ ಬಿಟ್ಟರೆ ಕಾರ್ಬೊರೇಟರಿನ ಕಿರಿದಾದ ಗಂಟಲಲ್ಲಿ ನುಗ್ಗುವ ಗಾಳಿಯೇ ಅದನ್ನು ಒಡೆದು ಮಂಜು ಮಾಡುತ್ತದೆ. ತುಕ್ಕು ಹಿಡಿದ ನಟ್ಟು ಬಿಡಿಸಲು ಬಳಸುವ ತೆಳು ಸ್ಪ್ರೇ ಈ ಕೆಲಸಕ್ಕೆ ಬೇಡ, ಅದರ ಬಹುಪಾಲು ಆರಿಹೋಗಿ ಉಳಿಯುವ ಪದರ ಐದು ತಿಂಗಳು ಬಾಳುವುದಿಲ್ಲ. 2ಟಿ ಆಯಿಲಿಗೆ ಪೆಟ್ರೋಲ್ ಬೆರೆಸಿ ಹೂವಿನ ಗಿಡದ ಸ್ಪ್ರೇ ಬಾಟಲಿಯಲ್ಲಿ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಬಿಸಿ ಸೈಲೆನ್ಸರಿನ ಪಕ್ಕ ಪೆಟ್ರೋಲಿನ ಮಂಜು ಹಾರಿದರೆ ಬೆಂಕಿ ಹಿಡಿಯಲು ಒಂದು ಕಿಡಿ ಸಾಕು.

ಕೆಲಸವನ್ನು ಬಯಲಲ್ಲೇ ಮಾಡಿ, ಹೊಗೆ ದಟ್ಟವಾಗಿ ಬರುತ್ತದೆ. ಪಂಪಿನೊಳಗೆ ನೀರು ತುಂಬಿ, ಸಕ್ಷನ್ ಪೈಪನ್ನು ಒಂದು ಡ್ರಮ್ಮಿಗೆ ಬಿಟ್ಟು, ಡೆಲಿವರಿಯನ್ನೂ ಅದೇ ಡ್ರಮ್ಮಿಗೆ ತಿರುಗಿಸಿ. ನೀರಿಲ್ಲದೆ ಪಂಪ್ ಓಡಿಸಿದರೆ ಇಂಜಿನ್ ಉಳಿಸಲು ಹೋಗಿ ಪಂಪಿನ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸುಟ್ಟುಕೊಂಡ ಹಾಗೆ.

ಸ್ಟಾರ್ಟ್ ಮಾಡಿ ಐದು ನಿಮಿಷ ಬಿಸಿಯಾಗಲು ಬಿಡಿ. ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್ನಾದರೆ ಇಷ್ಟೂ ಹೊತ್ತು ಪೆಟ್ರೋಲಿನಲ್ಲೇ ಓಡಲಿ. ನಿಲ್ಲಿಸಿ, ಬಿಸಿಯಿದ್ದಾಗಲೇ ಹಳೆ ಇಂಜಿನ್ ಆಯಿಲ್ ಇಳಿಸಿ ಹೊಸದು ಹಾಕಿ. ಸೀಮೆಎಣ್ಣೆ ಇಂಜಿನ್ನಿನಲ್ಲಿ ಇದನ್ನು ಬಿಡಲೇಬಾರದು: ಉರಿಯದ ಸೀಮೆಎಣ್ಣೆ ಬೋರಿನ ಗೋಡೆಯಲ್ಲಿ ಇಳಿದು ಆಯಿಲಿಗೆ ಸೇರಿರುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ ಎತ್ತಿ ಮೂಸಿ ನೋಡಿದರೆ ಗೊತ್ತಾಗುತ್ತದೆ, ಮಟ್ಟವೂ ತುಂಬಿಸಿದ್ದಕ್ಕಿಂತ ಮೇಲಿರುತ್ತದೆ.

ಟ್ಯಾಂಕನ್ನೂ ಖಾಲಿ ಮಾಡಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಸಮೇತ ಬೇರ್ಪಟ್ಟು ತಳಕ್ಕಿಳಿದು ಕಾರ್ಬೊರೇಟರಿನ ಬುಡದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲನ್ನು ತಿನ್ನುತ್ತದೆ.

ಈಗ ಮುಖ್ಯ ಕೆಲಸ. ಏರ್ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಡಿ, ಎಣ್ಣೆಯಲ್ಲಿ ನೆನೆದರೆ ಪೇಪರ್ ಫಿಲ್ಟರ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬಟ್ಟಲಲ್ಲಿ ಉಳಿದ ಪೆಟ್ರೋಲಿನಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ ಆಕ್ಸಿಲೇಟರನ್ನು ಮೂರರಲ್ಲಿ ಒಂದು ಪಾಲಿನಷ್ಟು ಎತ್ತಿ. ಕೆಲವು ನಿಮಿಷಕ್ಕಷ್ಟೇ ಪೆಟ್ರೋಲ್ ಇರುವುದರಿಂದ ಎಣ್ಣೆ ಕೈಯಲ್ಲಿ ಸಿದ್ಧವಿರಲಿ. ಕಾರ್ಬೊರೇಟರಿನ ಬಾಯಿಯ ಅಂಚಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಕಾಣುತ್ತವೆ. ಅವು ಗಾಳಿಯ ದಾರಿ. ಅವುಗಳೊಳಗೆ ಎಣ್ಣೆ ಹೋಗಿ ಅಂಟಾದರೆ ಮುಂದಿನ ವರ್ಷ ಐಡ್ಲಿಂಗ್ ನಿಲ್ಲುವುದಿಲ್ಲ. ಅಂಚು ಬಿಟ್ಟು ನಡುಗಂಟಲಿಗೇ ಹಿಡಿದು, ಒಂದೊಂದು ಸೆಕೆಂಡಿನಷ್ಟು ಬಿಟ್ಟುಬಿಟ್ಟು ಹೊಡೆಯಿರಿ. ಪ್ರತಿ ಸಲವೂ ಇಂಜಿನ್ ಸದ್ದು ಕುಗ್ಗುತ್ತದೆ, ಚೇತರಿಸಿಕೊಳ್ಳಲು ಬಿಟ್ಟು ಮತ್ತೆ ಹೊಡೆಯಿರಿ. ಸೈಲೆನ್ಸರಿನಿಂದ ಮೊದಲು ತೆಳು ನೀಲಿ ಹೊಗೆ, ಆಮೇಲೆ ಹಸಿ ಸೌದೆಯ ಒಲೆಯಂತೆ ದಟ್ಟ ಬಿಳಿ ಹೊಗೆ. ಬಿಳಿ ಹೊಗೆ ತಪ್ಪದೆ ಬರತೊಡಗಿದಾಗ ಇನ್ನೊಂದೆರಡು ಸೆಕೆಂಡ್ ಹೊಡೆಯುತ್ತಲೇ ಸ್ವಿಚ್ ಆಫ್ ಮಾಡಿ. ಹೊಗೆ ಬರುವ ಮೊದಲೇ ಇಂಜಿನ್ ನಿಂತರೆ ಕೈ ಜೋರಾಯಿತು ಎಂದರ್ಥ.

ಅಲ್ಲಿಗೇ ನಿಲ್ಲಿಸಬೇಡಿ. ಬಟ್ಟಲಿನ ತಳದ ಡ್ರೈನ್ ಬೋಲ್ಟ್ ಸಡಿಲಿಸಿ ಉಳಿದ ಪೆಟ್ರೋಲ್ ಇಳಿಸಿ, ಮತ್ತೆ ಬಿಗಿ ಮಾಡಿ. ಇಂಜಿನ್ ತಣ್ಣಗಾದ ಮೇಲೆ ಸ್ವಿಚ್ ಆಫ್ ಇರುವುದನ್ನು ನೋಡಿಕೊಂಡು ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ 5 ಮಿಲಿ, ಅಂದರೆ ಒಂದು ಟೀ ಚಮಚ ಹೊಸ ಇಂಜಿನ್ ಆಯಿಲ್ ಬಿಟ್ಟು, ಮೇಲೊಂದು ಬಟ್ಟೆ ಮುಚ್ಚಿ, ಹಗ್ಗವನ್ನು ನಾಲ್ಕೈದು ಸಲ ನಿಧಾನವಾಗಿ ಎಳೆಯಿರಿ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 163 ಸಿಸಿ ಇಂಜಿನ್ನಿನ ಕಂಪ್ರೆಷನ್ ಅನುಪಾತ 8.5:1 ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ತಲೆಯ ಮೇಲೆ ಉಳಿಯುವ ಜಾಗ 22 ಸಿಸಿಗಿಂತ ಕಡಿಮೆ. ಅಷ್ಟು ಎಣ್ಣೆ ಒಳಗಿದ್ದು ಪ್ಲಗ್ ಹಾಕಿ ಹಗ್ಗ ಜಗ್ಗಿದರೆ, ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಬಹುದು.

ಪ್ಲಗ್ ಹಾಕಿ ಹಗ್ಗವನ್ನು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಬಂದು ಒಂದು ಕಡೆ ಕೈಗೆ ತಡೆಯುತ್ತದೆ. ಅಲ್ಲಿಗೇ ಬಿಡಿ. ಆ ಜಾಗದಲ್ಲಿ ಎರಡೂ ವಾಲ್ವು ಮುಚ್ಚಿರುವುದರಿಂದ ತೇವದ ಗಾಳಿಗೆ ಒಳದಾರಿಯಿಲ್ಲ. ಫಿಲ್ಟರ್ ಹಾಕಿ, ಪಂಪಿನ ಡ್ರೈನ್ ಬಿಚ್ಚಿ ನೀರು ಹರಿಸಿ, ತಣ್ಣಗಾದ ಸೈಲೆನ್ಸರಿನ ಬಾಯಿಗೆ ಬಟ್ಟೆ ಕಟ್ಟಿ. ಇಲ್ಲವಾದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಪ್ಲಾಸ್ಟಿಕ್ ಹೊದಿಸುವುದಾದರೆ ಬುಡ ತೆರೆದಿರಲಿ, ಸುತ್ತ ಬಿಗಿದರೆ ಒಳಗೇ ಬೆವರುತ್ತದೆ.

ವೀಡ್ ಕಟರ್, ಪವರ್ ಸ್ಪ್ರೇಯರ್‌ನಂಥ ಟೂ ಸ್ಟ್ರೋಕ್ ಇಂಜಿನ್ನಿಗೆ ಈ ಮಂಜು ಇನ್ನೂ ಮುಖ್ಯ. ಅದರಲ್ಲಿ ಬೇರೆ ಆಯಿಲ್ ಕೋಣೆ ಇಲ್ಲ. ಕಾರ್ಬೊರೇಟರಿನ ಗಾಳಿ ಮೊದಲು ಕ್ರ್ಯಾಂಕ್ ಕೋಣೆಗೆ ಹೋಗಿ ಬೇರಿಂಗಿಗೆ ಎಣ್ಣೆ ಕೊಟ್ಟು ಆಮೇಲೆ ಮೇಲೇರುತ್ತದೆ. ಪ್ಲಗ್ ತೂತಿನಿಂದ ಹಾಕಿದ ಎಣ್ಣೆ ಆ ಬೇರಿಂಗನ್ನು ಸರಿಯಾಗಿ ಮುಟ್ಟುವುದಿಲ್ಲ. ಅಡಿಕೆಗೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆದು ಮುಗಿಸಿದ ಸ್ಪ್ರೇಯರನ್ನು ಮಳೆ ಕಳೆದ ಮೇಲೆ ಇದೇ ರೀತಿ ಎತ್ತಿಡಿ. ಪ್ಲಗ್ ತೂತಿಗೆ ಅರ್ಧ ಟೀ ಚಮಚ ಮೀರದಿರಲಿ.

ಓಡುತ್ತಿರುವ ಡೀಸೆಲ್ ಇಂಜಿನ್ನಿನ ಗಾಳಿಬಾಯಿಗೆ ಮಾತ್ರ ಎಣ್ಣೆ ಹೊಡೆಯಲೇಬೇಡಿ. ಡೀಸೆಲ್ ಇಂಜಿನ್ನಿಗೆ ಆ ಎಣ್ಣೆಯೂ ಇಂಧನವೇ. ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಮಾತು ಕೇಳದೆ ವೇಗ ಏರುತ್ತಾ ಹೋಗಿ ಇಂಜಿನ್ ಒಡೆಯಬಹುದು. ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ, ಗಾಳಿಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಿಸಬೇಕು. ಡೀಸೆಲ್ ಇಂಜಿನ್ನಾದರೆ ಇಂಧನ ನಿಲ್ಲಿಸಿ, ಕಂಪ್ರೆಷನ್ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ, ಕೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಾ ಕೆಲವೇ ಹನಿ ಬಿಟ್ಟರೆ ಸಾಕು. ಫ್ಯೂಯಲ್ ಇಂಜೆಕ್ಷನ್ನಿನ ಬಿಎಸ್6 ಬೈಕಿಗೂ ಮಂಜು ಕುಡಿಸಬೇಡಿ. ಆ ಹೊಗೆಯಿಂದ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರು, ಆಕ್ಸಿಜನ್ ಸೆನ್ಸರು ಹಾಳಾಗಬಹುದು.

ಮತ್ತೆ ಹೊರತೆಗೆದ ದಿನ ಮೊದಲು ಸೈಲೆನ್ಸರಿನ ಬಟ್ಟೆ ಬಿಚ್ಚಿ. ಪ್ಲಗ್ ತೆಗೆದು, ತೂತಿನ ಮುಂದೆ ಮುಖ ಒಡ್ಡದೆ ಹಗ್ಗವನ್ನು ಐದಾರು ಸಲ ಎಳೆದರೆ ಉಳಿದ ಎಣ್ಣೆ ಹೊರಗೆ ಚಿಮ್ಮುತ್ತದೆ. ಎಣ್ಣೆ ಹಿಡಿದ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, 0.7ರಿಂದ 0.8 ಮಿ.ಮೀ. ಸಂದು ನೋಡಿ ಹಾಕಿ. ಪಂಪಿಗೆ ನೀರು, ಟ್ಯಾಂಕಿಗೆ ಹೊಸ ಪೆಟ್ರೋಲ್. ಮೊದಲ ಒಂದೆರಡು ನಿಮಿಷ ಹೊಗೆ ಬಂದರೆ ಹೆದರಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಸ್ವಿಚ್ ಆಫ್ ಮಾಡಿ ಮೊದಲು ಆಯಿಲ್ ಮಟ್ಟ ನೋಡಿ.